100 ವ್ಯಾಟ್ ಪ್ಯಾನಲ್, ಒಂದು ರೂಟರ್, ಮೂರು ಬಲ್ಬು: ಸೋಲಾರ್ ಪ್ರಾಜೆಕ್ಟ್ ಎಲ್ಲಿಗೆ ಬಂತು

ಪ್ಯಾನಲ್ ಮೇಲೆ ಕೂತಾಯ್ತು, ವೈರಿಂಗ್ ಮುಗೀತು, ಬ್ಯಾಟರಿಗೆ ಚಾರ್ಜೂ ಹೋಗ್ತಾ ಇದೆ. ಗುರಿ ಮೊದಲಿಂದ ಅದೇ, ವೈಫೈ ರೂಟರ್ ದಿನದ 24 ಗಂಟೆನೂ, 9 ವ್ಯಾಟಿನ ಮೂರು ಎಲ್ಇಡಿ ಬಲ್ಬು ಸಂಜೆಯಿಂದ 5 ಗಂಟೆ ಹೊತ್ತು, ಎಲ್ಲಾ ಸೋಲಾರಲ್ಲೇ ನಡೀಬೇಕು. ಈ ಸಲ ಬರೀ ಮೀಟರ್ ರೀಡಿಂಗಿನ ಕತೆ. ಪ್ಯಾನಲ್ ಹಿಂದಿರೋ ಸ್ಟಿಕ್ಕರಲ್ಲಿ ದಪ್ಪಗೆ ಬರೆದಿರೋ 100 ವ್ಯಾಟ್ ನೋಡಿ ಎಲ್ಲರೂ ಸುಮ್ನಾಗಿಬಿಡ್ತಾರೆ, ಆದ್ರೆ ನಮಗೆ ಬೇಕಾಗಿರೋದು ಅದರ ಕೆಳಗಿನ ಸಣ್ಣ ಅಕ್ಷರ.

ಆ 100 ವ್ಯಾಟ್ ಯಾವಾಗ ಸಿಗತ್ತೆ ಅಂದ್ರೆ ಒಂದು ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲು ಬೀಳ್ತಿರಬೇಕು, ಪ್ಯಾನಲ್ಲಿನ ಸೆಲ್ (ಬಿಸಿಲಿಂದ ಕರೆಂಟ್ ಮಾಡೋ ಒಂದೊಂದು ತುಂಡು) ಮಾತ್ರ 25 ಡಿಗ್ರಿಯಲ್ಲೇ ಇರಬೇಕು. ಎಸ್‌ಟಿಸಿ ಅಂತಾರೆ ಇದಕ್ಕೆ, ಲ್ಯಾಬಿನ ಅಳತೆ, ಒಂದು ಪ್ಯಾನಲ್ಲನ್ನ ಇನ್ನೊಂದರ ಜೊತೆ ಹೋಲಿಸೋಕೆ ಒಳ್ಳೇದು. ಆದ್ರೆ ಅಷ್ಟು ಬಿಸಿಲಲ್ಲಿ ಪ್ಯಾನಲ್ ತಣ್ಣಗೆ ಎಲ್ಲಿರತ್ತೆ ಹೇಳಿ? ನಡು ಮಧ್ಯಾಹ್ನ ಹಿಂಬದಿಗೆ ಥರ್ಮಾಮೀಟರ್ ಹಿಡಿದ್ರೆ 60 ಡಿಗ್ರಿ ತೋರಿಸ್ತು. ಸಿಲಿಕಾನ್ ಪ್ಯಾನಲ್ ಒಂದೊಂದು ಡಿಗ್ರಿ ಏರಿದ ಹಾಗೂ 0.3 ರಿಂದ 0.4 ಪರ್ಸೆಂಟ್ ಪವರ್ ಕಳ್ಕೊಳ್ಳತ್ತೆ, ನಂದರ ಸ್ಟಿಕ್ಕರಲ್ಲಿ 0.4 ಇದೆ, 25 ರಿಂದ 60 ಕ್ಕೆ ಏರಿದ 35 ಡಿಗ್ರಿಗೆ 14 ಪರ್ಸೆಂಟ್ ಅಲ್ಲೇ ಹೋಯ್ತು.

ಇನ್ನು ಕಂಟ್ರೋಲರ್, ಅಂದ್ರೆ ಪ್ಯಾನಲ್ಲಿಂದ ಬ್ಯಾಟರಿಗೆ ಹೋಗೋ ಚಾರ್ಜನ್ನ ನೋಡ್ಕೊಳ್ಳೋ ಡಬ್ಬಿ. ಪ್ಯಾನಲ್ ಚೆನ್ನಾಗಿ ಕೆಲಸ ಮಾಡೋದು 18 ವೋಲ್ಟಲ್ಲಿ, ಅತಿ ಹೆಚ್ಚು ಪವರ್ ಸಿಗೋ ಈ ವೋಲ್ಟೇಜಿಗೇ ವಿಎಂಪಿ ಅನ್ನೋದು. ಪಿಡಬ್ಲ್ಯುಎಂ ಅನ್ನೋ ಸರಳ ಬಗೆಯ ಕಂಟ್ರೋಲರ್ ಹಾಕಿದಾಗ ಅದು ಪ್ಯಾನಲ್ಲನ್ನ ಬ್ಯಾಟರಿ ವೋಲ್ಟೇಜಿಗೇ ಎಳ್ಕೊಂಡು ಬರತ್ತೆ, 13.1 ವೋಲ್ಟ್ 5.3 ಆಂಪ್, ಅಂದ್ರೆ 69 ವ್ಯಾಟ್ ಅಷ್ಟೇ. ಅದೇ ಬಿಸಿಲಲ್ಲಿ ಎಂಪಿಪಿಟಿ ಅನ್ನೋ ಇನ್ನೊಂದು ಬಗೆಯ ಕಂಟ್ರೋಲರ್ ಹಾಕಿ ನೋಡಿದ್ರೆ ಹೆಚ್ಚಿಗೆ ಇರೋ ವೋಲ್ಟನ್ನ ಆಂಪ್ ಮಾಡಿ ಕೊಡತ್ತೆ, ಬ್ಯಾಟರಿಗೆ 6 ಆಂಪ್, 79 ವ್ಯಾಟ್. ಇಷ್ಟು ಚಿಕ್ಕ ಸಿಸ್ಟಮ್ಮಿಗೆ ಎಂಪಿಪಿಟಿ ದಂಡ ಅನ್ನೋರಿದಾರೆ, ನಾನಂತೂ ತೆಗೆಯಲ್ಲ.

ನೆರಳಿನ ಟೆಸ್ಟ್ ಮಾತ್ರ ನೋಡೋ ಹಂಗಿತ್ತು. 36 ಸೆಲ್ಲಲ್ಲಿ ಒಂದೇ ಒಂದರ ಮೇಲೆ ರಟ್ಟು ಇಟ್ಟೆ, ಚಾರ್ಜಿಂಗ್ ಕರೆಂಟ್ ಹೆಚ್ಚುಕಮ್ಮಿ ಸೊನ್ನೆಗೆ ಬಿತ್ತು. ಸೆಲ್ಲೆಲ್ಲ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಇರೋದ್ರಿಂದ ಒಂದು ನಿಂತ್ರೆ ಆ ಸಾಲಿನ ಕರೆಂಟೇ ನಿಲ್ಲತ್ತೆ, ನಿಂತ ಸಾಲನ್ನ ಬಿಟ್ಟು ಕರೆಂಟಿಗೆ ಬೇರೆ ದಾರಿ ಕೊಡೋ ಬೈಪಾಸ್ ಡಯೋಡ್ ಆ ಅರ್ಧದ 18 ಸೆಲ್ ಬಿಟ್ಟು ದಾಟಿಸತ್ತೆ ಸರಿ, ಆದ್ರೆ ಉಳಿದ ಅರ್ಧ ಪ್ಯಾನಲ್ಲಿನ ವೋಲ್ಟೇಜು ಬ್ಯಾಟರಿಗಿಂತ ಕಮ್ಮಿ ಆಗೋಗತ್ತಲ್ಲ, ಚಾರ್ಜ್ ಎಲ್ಲಿಂದ ಆಗ್ಬೇಕು. ಹಾಗಾಗಿ ನೀರಿನ ಟ್ಯಾಂಕ್ ನೆರಳು ಸಂಜೆ ಹೊತ್ತಿಗೆ ತಾಗ್ತಿದ್ದ ಜಾಗದಿಂದ ಪ್ಯಾನಲ್ ಸರಿಸಿಬಿಟ್ಟೆ.

ಈಗ ದಿನದ ಲೆಕ್ಕ. ವ್ಯಾಟ್ ಅಂದ್ರೆ ಈ ಕ್ಷಣದ್ದು, ವ್ಯಾಟ್ ಅವರ್ ಅಂದ್ರೆ ಇಡೀ ದಿನಕ್ಕೆ ಕೂಡಿಸಿದ್ದು, ಅದೇ 1000 ಆದ್ರೆ ಒಂದು ಯೂನಿಟ್. ರೂಟರ್ 10 ವ್ಯಾಟ್, ದಿನಕ್ಕೆ 240. ಬಲ್ಬುಗಳು 135. ಒಟ್ಟು 375 ವ್ಯಾಟ್ ಅವರ್. ಬರೋ ಕಡೆ ನೋಡಿದ್ರೆ, ದಿನವಿಡೀ ಬಿದ್ದ ಬಿಸಿಲನ್ನೆಲ್ಲ 1000 ವ್ಯಾಟಿನ ಬಿಸಿಲಿಗೆ ಇಳಿಸಿ ಎಷ್ಟು ಗಂಟೆ ಆಗತ್ತೆ ಅಂತ ನೋಡೋದೇ ಪೀಕ್ ಸನ್ ಅವರ್, ಅದು 5 ಇದ್ರೆ 79 ರ ಲೆಕ್ಕದಲ್ಲಿ 395. ಒಳ್ಳೇ ಬಿಸಿಲಿದ್ರೆ ಹೇಗೋ ಸರಿಹೋಗತ್ತೆ, ಮೋಡ ಆದ್ರೆ ಇಲ್ಲ.

ಇದರಲ್ಲಿ ಬ್ಯಾಟರಿಯ ಡಿಸಿಯನ್ನ ಮನೆಯ ಎಸಿ ಮಾಡೋ ಇನ್ವರ್ಟರ್‌ಗೆ ಜಾಗ ಎಲ್ಲಿದೆ? ಏನೂ ಲೋಡ್ ಇಲ್ದೆ ಬರೀ ಆನ್ ಆಗಿದ್ರೇನೇ 8 ವ್ಯಾಟ್ ತಿನ್ನತ್ತೆ ಅದು, ದಿನಕ್ಕೆ 192! ತೆಗೆದುಹಾಕ್ದೆ. ರೂಟರ್‌ಗೆ ಹೆಂಗೂ 12 ವೋಲ್ಟ್ ಡಿಸಿ ಸಾಕು, ಒಂದು ಚಿಕ್ಕ ಡಿಸಿ ಕನ್ವರ್ಟರ್ ಹಾಕಿ ನೇರ ಕೊಟ್ಟೆ, ಬಲ್ಬೂ 12 ವೋಲ್ಟಿಂದೇ. ಬ್ಯಾಟರಿ 12.8 ವೋಲ್ಟ್ 50 ಆಂಪ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್, 640 ವ್ಯಾಟ್ ಅವರ್, ಅದರಲ್ಲಿ 80 ಪರ್ಸೆಂಟ್ ಬಳಸಿದ್ರೂ 512, ಒಂದು ರಾತ್ರಿಗೆ ಧಾರಾಳ.

ಮುಂದೆ ಇಂಥದ್ದೇ ಇನ್ನೊಂದು ಪ್ಯಾನಲ್. ಸೀರೀಸ್ ಮಾಡಿದ್ರೆ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಲೋಡ್ ಇಲ್ದಾಗ ಪ್ಯಾನಲ್ ಕೊಡೋ ವೋಲ್ಟೇಜ್) 22 ಮತ್ತೆ 22 ಸೇರಿ 44, ಚಳಿಯಲ್ಲಿ ಅದು ಇನ್ನೂ ಏರತ್ತೆ, ನನ್ನ ಕಂಟ್ರೋಲರಿನ ಮಿತಿ 50 ವೋಲ್ಟ್. ತೀರಾ ಹತ್ತಿರ ಆಯ್ತು, ವೋಲ್ಟೇಜ್ ಏರದ ಹಾಗೆ ಪಕ್ಕಪಕ್ಕಕ್ಕೆ ಜೋಡಿಸೋ ಪ್ಯಾರಲಲ್ಲೇ ಹಾಕ್ತೀನಿ, ಕರೆಂಟ್ ಡಬಲ್ ಆಗೋದಕ್ಕೆ ದಪ್ಪ ಕೇಬಲ್ ಎಳೀಬೇಕು ಅಷ್ಟೇ.