ಧಾರವಾಡಕ್ಕೆ ಹೋಗಿಬಂದ ದಿನ

16 ಜುಲೈ 2025, ಬುಧವಾರ, ಬೆಳಗಾವಿ

ಅಪ್ಪ, ಮಗ ಇಬ್ಬರೂ ಮಲಗಿದ್ದಾರೆ. ಬೆಳಿಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಎದುರಿಗೆ ಎರಡು ಫಾರ್ಮ್ ಇವೆ. ಒಂದು ನಾನು ತುಂಬಬೇಕು, ಇನ್ನೊಂದು ಸಣ್ಣಾವನ ಟೀಚರ್.

ನಮ್ಮ ಕಡೆ ‘ಧಾರವಾಡಕ್ಕ ಕಳಸಬೇಕ ನೋಡು’ ಅಂದರೆ ಏನರ್ಥ ಅಂತ ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ರಾತ್ರಿ ಅತ್ತೆಯ ಮುಂದೆ ಆ ಊರಿನ ಹೆಸರೇ ಬಾಯಿಗೆ ಬರಲಿಲ್ಲ. ‘ನಾಳೆ ಸಣ್ಣಾವನ್ನ ತೋರಿಸ್ಕೊಂಡು ಬರ್ತೀವ್ರಿ’ ಅಂದೆ. ‘ಎಲ್ಲಿ?’ ಅಂದರು. ಹೇಳಲೇಬೇಕಾಯಿತು. ಸೋಸುತ್ತಿದ್ದ ಮೆಂತೆ ಪಲ್ಲೆ ಕೈಯಲ್ಲೇ ಉಳಿಯಿತು. ‘ಏಳು ವರ್ಷದ ಕೂಸಿಗೆ ಹುಚ್ಚರ ದವಾಖಾನಿ ತೋರಿಸ್ತೀಯೇನ? ಗಂಡು ಹುಡುಗ್ರು ಹಂಗ ಇರ್ತಾವ. ನಿನ್ನ ಗಂಡ ಏನ ಕಡಿಮಿ ಇದ್ದನೇನ?’ ಇವರು ಏನೂ ಮಾತಾಡಲಿಲ್ಲ. ಬೆಳಿಗ್ಗೆ ತಾವೇ ಎದ್ದು ಅವನಿಗೆ ಸ್ವೆಟರ್ ಹಾಕಿ, ನಮ್ಮ ಜೊತೆ ಬಸ್ ಹತ್ತಿದರು. ನನಗೆ ಅಷ್ಟೇ ಸಾಕಾಯಿತು.

ಸ್ಕೂಲಿನವರು ಮೂರು ಸಲ ಕರೆಸಿದ್ದರು. ಕೂತಲ್ಲಿ ಕೂರಲ್ಲ, ಹೇಳಿದ್ದು ಕೇಳಲ್ಲ, ಪಕ್ಕದ ಹುಡುಗನನ್ನು ದಬ್ಬಿದ. ಬೇರೆ ಪಾಲಕರು ಕಂಪ್ಲೇಂಟ್ ಮಾಡ್ತಾರೆ ಅಂದರೇ ಹೊರತು, ಯಾಕೆ ಹೀಗೆ ಮಾಡ್ತಾನೆ ಅಂತ ಒಬ್ಬರೂ ಕೇಳಲಿಲ್ಲ.

ಡಿಮ್ಹಾನ್ಸ್‌ಗೆ, ಅಂದರೆ ಧಾರವಾಡದ ಆ ಮಾನಸಿಕ ಆರೋಗ್ಯದ ಆಸ್ಪತ್ರೆಗೆ, ನಾನು ಒಂದೇ ಪ್ರಶ್ನೆ ಹೊತ್ತು ಹೋಗಿದ್ದೆ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆಗೆ ಎಡಿಎಚ್‌ಡಿ ಅಂತಾರಲ್ಲ, ಅದು ಹೌದೋ ಅಲ್ವೋ? ‘ಒಂದ ದಿನದಾಗ ಹೇಳೂದಲ್ರಿ ಇದು’ ಅಂದರು ಮೇಡಂ. ‘ರಕ್ತದ ಟೆಸ್ಟು, ಸ್ಕ್ಯಾನು ಮಾಡಿ ಹೇಳಾಕೂ ಬರೂದಿಲ್ಲ.’ ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಾಣಬೇಕಂತೆ, 6 ತಿಂಗಳಾದರೂ ಇರಬೇಕಂತೆ. ಅದಕ್ಕೇ ಎರಡು ಫಾರ್ಮು. ಬುದ್ಧಿಶಕ್ತಿ ಪರೀಕ್ಷೆ, ಓದು ಬರಹದ ಪರೀಕ್ಷೆ ಮುಂದಿನ ಸಲ. ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ನಿದ್ದೆ ಎಷ್ಟು, ಎಲ್ಲ ಕೇಳಿದರು. ಆಮೇಲೆ, ‘ಕಿವಿ ಏನರ ಸೋರ್ತಿತ್ತೇನ್ರಿ?’

ಸೋರುತ್ತಿತ್ತು. ಹೋದ ಮಳೆಗಾಲದಲ್ಲಿ ಎರಡು ಸಲ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರು, ನಿಂತಿತು, ನಾವು ಮರೆತೆವು.

ಮೇಡಂ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದರು. ಅವನು ಪೆನ್ಸಿಲ್ ಹಿಡಿದು ಟ್ರ್ಯಾಕ್ಟರಿನ ದೊಡ್ಡ ಗಾಲಿ ತೀಡುತ್ತಿದ್ದ. ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಗಾಲಿಗೆ ಇನ್ನೊಂದು ಸುತ್ತು ಬಂತು. ‘ಇದರಿಂದ ಏನೂ ನಕ್ಕಿ ಆಗೂದಿಲ್ರಿ, ಆಟದಾಗ ಮುಳುಗಿದ್ರೂ ಹುಡುಗ್ರು ತಿರುಗೂದಿಲ್ಲ. ಆದ್ರ ಮೊದಲ ಕಿವಿ ತೋರಸ್ರಿ, ಆಡಿಯೋಮೆಟ್ರಿ, ಅಂದ್ರ ಕಿವಿ ಎಷ್ಟ ಕೇಳಸ್ತದ ಅನ್ನೂ ಟೆಸ್ಟು, ಮಾಡಸ್ರಿ. ಕಣ್ಣೂ ತೋರಸ್ರಿ.’ ಕಿವಿಯ ಪರದೆಯ ಹಿಂದೆ ನೀರು ನಿಂತರೆ ಎಷ್ಟೋ ಸಲ ನೋವೇ ಇರಲ್ಲವಂತೆ. ಸುಮ್ನೆ ಮಂದ ಕೇಳುತ್ತದಂತೆ. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ನೋಡುವವರಿಗೆ ಹುಡುಗ ಮೊಂಡ ಅನ್ನಿಸುತ್ತಾನೆ.

ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದ. ಕಿತ್ತೂರು ದಾಟಿದರೂ ನನಗೆ ಯುಗಾದಿಯ ಬೆಳಿಗ್ಗೆಯೇ ಕಣ್ಣ ಮುಂದೆ. ಎಣ್ಣೆಸ್ನಾನಕ್ಕೆ ನಾಲ್ಕು ಸಲ ಕರೆದಿದ್ದೆ. ಐದನೇ ಸಲ ಹೋಗಿ ಕಪಾಳಕ್ಕೆ ಹೊಡೆದೆ. ಅವನು ಅಳಲಿಲ್ಲ, ಯಾಕೆ ಅಂತ ಗೊತ್ತಾಗದೆ ನನ್ನ ಮುಖ ನೋಡಿದ. ಆ ನೋಟವನ್ನೂ ಅವತ್ತು ಮೊಂಡತನ ಅಂದುಕೊಂಡಿದ್ದೆ.

ಫಾರ್ಮಿನಲ್ಲಿ ಎಲ್ಲ ಸಾಲಿಗೂ ಟಿಕ್ ಹಾಕಿದ್ದಾಗಿದೆ. ಒಂದು ಮಾತ್ರ ಉಳಿದಿದೆ. ನೇರವಾಗಿ ಮಾತಾಡಿಸಿದಾಗಲೂ ಕೇಳಿಸಿಕೊಳ್ಳದವನಂತೆ ಇರುತ್ತಾನೆಯೇ? ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ.

ಈಗಷ್ಟೇ ಅತ್ತೆ ನೀರು ಕುಡಿಯುವ ನೆಪದಲ್ಲಿ ಎದ್ದು ಬಂದರು. ಫಾರ್ಮ್ ನೋಡಿದರು. ‘ನಾ ಎಣ್ಣಿ ಬಿಟ್ಟಿದ್ದಕ್ಕ ಹಿಂಗಾತೇನ?’ ಅಂದರು, ಬಹಳ ಸಣ್ಣ ದನಿಯಲ್ಲಿ. ‘ಇಲ್ರಿ ಅತ್ತಿ, ಕಿವಿ ಡಾಕ್ಟರು ಶುಕ್ರವಾರ ನೋಡ್ತಾರ’ ಅಂದೆ. ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾರೆ. ನಾನು ಹೊಡೆದದ್ದು ಅವರಿಗೆ ಗೊತ್ತಿಲ್ಲ, ಅವತ್ತು ದೇವರ ಮನೆಯಲ್ಲಿದ್ದರು, ಈಗ ಹೇಳಿಬಿಡಲೇ ಅಂತ