ಲೂಥರ್ ಕೈಬಿಡದ ಪಾಪನಿವೇದನೆ

ಖಾಸಗಿ ಪಾಪನಿವೇದನೆಯ, ಅಂದರೆ ತನ್ನ ಪಾಪಗಳನ್ನು ಇನ್ನೊಬ್ಬರ ಮುಂದೆ ಗುಟ್ಟಾಗಿ ಒಪ್ಪಿಕೊಳ್ಳುವುದರ, ಮಾತೆತ್ತಿದರೆ ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವರು ಅದು ಕಥೋಲಿಕರ ಪದ್ಧತಿಯೆಂದು ತಳ್ಳಿಹಾಕುತ್ತಾರೆ. ಆದರೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಬಿಟ್ಟದ್ದು ಕಡ್ಡಾಯವನ್ನು, ನಿವೇದನೆಯನ್ನಲ್ಲ. ವರ್ಷಕ್ಕೊಮ್ಮೆಯಾದರೂ ಗುರುಗಳ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು ಕಥೋಲಿಕ ಸಭೆಯ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ಸನ್ಯಾಸಿಯಾಗಿದ್ದಾಗ ಒಂದು ಪಾಪವೂ ಮರೆತುಹೋಗಬಾರದೆಂಬ ಭಯದಿಂದ ಗಂಟೆಗಟ್ಟಲೆ ನಿವೇದಿಸಿ, ತಮ್ಮ ಮೇಲಧಿಕಾರಿ ಸ್ಟೌಪಿಟ್ಸ್ ಅವರನ್ನೂ ದಣಿಸುತ್ತಿದ್ದ ಲೂಥರ್‌ಗೆ ಆ ಎಣಿಕೆಯ ಸಂಕಟ ಚೆನ್ನಾಗಿ ಗೊತ್ತಿತ್ತು. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವು, ಅಂದರೆ ಲೂಥರನ್ನರ ನಂಬಿಕೆಯ ಹೇಳಿಕೆಯು, ಖಾಸಗಿ ಪಾಪಕ್ಷಮೆಯನ್ನು ಸಭೆಗಳಲ್ಲಿ ಉಳಿಸಿಕೊಳ್ಳಬೇಕೆಂದು ಹೇಳಿದರೂ, ಪಾಪಗಳನ್ನೆಲ್ಲ ಎಣಿಸಿ ಹೇಳುವುದು ಅಗತ್ಯವಿಲ್ಲವೆಂದಿತು.

ಲೂಥರ್ ತಮ್ಮ ಕಿರು ಪ್ರಶ್ನೋತ್ತರಿಯಲ್ಲಿ (ನಂಬಿಕೆಯ ಪಾಠಗಳನ್ನು ಪ್ರಶ್ನೋತ್ತರ ರೂಪದಲ್ಲಿ ಕಲಿಸುವ ಪುಸ್ತಕದಲ್ಲಿ) ಕೊಟ್ಟಿರುವ ಮಾದರಿ ನನಗೆ ಬಹಳ ಇಷ್ಟ. ಅಲ್ಲಿ ಮನೆಯಾಳೊಬ್ಬ, ಯಜಮಾನ ಹೇಳಿದ ಕೆಲಸವನ್ನು ತಾನು ಸರಿಯಾಗಿ ಮಾಡಲಿಲ್ಲ, ಅವರಿಗೆ ಸಿಟ್ಟು ಬರಿಸಿದೆ ಎಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಸಾಕ್ಷಿ ಕೂಟಗಳಲ್ಲಿ ಕೇಳಿಬರುವುದು ರಕ್ಷಣೆಗೆ ಮುಂಚಿನ ಹಳೆಯ ಪಾಪಗಳೇ. ಈ ವಾರದ್ದನ್ನು ಯಾರೂ ಹೇಳುವುದಿಲ್ಲ. ಮನಸ್ಸಿಗೆ ಭಾರವೆನಿಸುವಂಥದ್ದು ಇಲ್ಲದಿದ್ದರೆ ಪಾಪಗಳನ್ನು ಹುಡುಕಿ ಕಟ್ಟಿ ಹೇಳಬೇಡ ಎಂದೂ ಲೂಥರ್ ಎಚ್ಚರಿಸುತ್ತಾರೆ. ನಿವೇದನೆಯನ್ನು ಆಲಿಸಿದವರು ಕೊನೆಗೆ, "ನನ್ನ ಕ್ಷಮೆ ದೇವರ ಕ್ಷಮೆಯೆಂದು ನಂಬುತ್ತೀಯಾ?" ಎಂದು ಪ್ರಶ್ನಿಸಿ, ನಂಬುತ್ತೇನೆಂಬ ಉತ್ತರ ಬಂದ ಮೇಲೆ ಕ್ರಿಸ್ತನ ಹೆಸರಿನಲ್ಲಿ ಕ್ಷಮೆ ಸಾರುತ್ತಾರೆ. ಬಹಳ ನೊಂದವರಿಗೆ ಹೆಚ್ಚಿನ ದೇವರ ವಾಕ್ಯಗಳಿಂದ ಧೈರ್ಯ ಹೇಳುವ ಮಾತು ಬರುವುದು ಆ ಬಳಿಕವೇ.

ಮೊದಲು ಕ್ಷಮೆ, ಉಳಿದ ಮಾತು ಆಮೇಲೆ ಎಂಬ ಈ ಕ್ರಮವೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ನಮ್ಮ ಸಭಾಪಾಲಕರಲ್ಲಿ ಅನೇಕರು ಎದುರಿಗೆ ಕೂತವರ ಮಾತು ಅರ್ಧಕ್ಕೆ ಬರುವ ಮುನ್ನವೇ ಬುದ್ಧಿಮಾತು ಶುರುಮಾಡುತ್ತಾರೆ. ಬಂದವರು ಸಲಹೆಗಳ ಹೊರೆ ಹೊತ್ತು ಹೋಗುತ್ತಾರೆಯೇ ಹೊರತು ಕ್ಷಮೆಯ ಮಾತನ್ನು ಕೇಳಿಯೇ ಇರುವುದಿಲ್ಲ. ನಿವೇದನೆಯನ್ನು ಆಲಿಸುವವರು ಅನುಭವಿ ಉಪದೇಶಕರೇ ಆಗಿರಬೇಕೆಂದೂ ಇಲ್ಲ. 1935ರಲ್ಲಿ ಆರಂಭವಾದ ಫಿಂಕೆನ್‌ವಾಲ್ಡೆಯ ಪಾದ್ರಿ ತರಬೇತಿ ಸೆಮಿನರಿಯಲ್ಲಿ ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್, ಇಂಥದ್ದರಲ್ಲಿ ಯಾವ ಅನುಭವವೂ ಇಲ್ಲದ ಶಿಷ್ಯರೊಬ್ಬರ ಮುಂದೆ ತಾವೇ ನಿವೇದನೆ ಮಾಡಿಕೊಂಡರು.

ಇನ್ನು ಗುಟ್ಟು ಕಾಯುವ ವಿಷಯ. ನಿವೇದನೆಯನ್ನು ಬಯಲುಮಾಡಿದ ಗುರುವನ್ನು ಪದವಿಯಿಂದ ಇಳಿಸಿ, ಜೀವನಪರ್ಯಂತ ಪ್ರಾಯಶ್ಚಿತ್ತಕ್ಕಾಗಿ ಮಠದಲ್ಲಿ ಇರಿಸಬೇಕೆಂದು ಅದೇ ಲ್ಯಾಟರನ್ ಸಭೆ ಹೇಳಿತ್ತು. ನಮ್ಮಲ್ಲಿ ಹೇಳಿಕೊಂಡ ಸಂಕಟ "ಪ್ರಾರ್ಥನಾ ವಿಷಯ"ವಾಗಿ ಸಂಜೆಯೊಳಗೆ ವಾಟ್ಸಾಪ್ ಗುಂಪು ಸೇರುವುದುಂಟು. ಅದು ನಿಲ್ಲುವವರೆಗೆ ಖಾಸಗಿ ನಿವೇದನೆಗೆ ಬನ್ನಿರೆಂದು ಜನರನ್ನು ಕರೆಯುವ ಹಕ್ಕು ನಮಗಿಲ್ಲ.