ಐಸಿನ ಮೇಲೆ ಬ್ಯಾಗು

ಬ್ಯಾಂಕಾಕಿನ ಹೂವಿನ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ಬಿದ್ದೂ ಬಿದ್ದೂ ನಕ್ಕಳು. ಆ ನಗು ಈಗಲೂ ಕಿವಿಯಲ್ಲಿದೆ.

ಏಪ್ರಿಲ್ ತಿಂಗಳು, ಟ್ರಾವೆಲ್ ಕ್ಲೈಂಟ್ ಒಬ್ಬರ ಮೂರು ದಿನದ ಫೋಟೋ ಶೂಟ್. ಆಫೀಸಿನವರು ಕಳಿಸಿದ ಶಾಟ್ ಲಿಸ್ಟಿನಲ್ಲಿ ಪಾಕ್ ಖ್ಲೋಂಗ್ ತಲಾತ್ ಅನ್ನೋ ಈ ಹೂವಿನ ಮಾರ್ಕೆಟ್ಟಿಗೆ ಒಂದೇ ಸಾಲು: 'ಬೆಳಗ್ಗೆ 9, ದೋಣಿಯಿಂದ ಹೂ ಇಳಿಸುವುದು, ಮಸ್ಟ್.' ಕಾಲುವೆ ಬಾಯಿಯ ಮಾರ್ಕೆಟ್ ಅಂತಲೇ ಆ ಹೆಸರಿನ ಅರ್ಥ, ನಿಜ. ಆದರೆ ದೋಣಿ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ಹೂ ಬರೋದು ಪಿಕಪ್ಪಿನಲ್ಲಿ. ಜೋರು ವ್ಯಾಪಾರವೆಲ್ಲ ರಾತ್ರಿಯಿಂದ ಬೆಳಗಿನ ಜಾವದವರೆಗೆ. ರೆಫರೆನ್ಸ್ ಫೋಟೋಗಳಲ್ಲಿ ಫುಟ್‌ಪಾತ್ ತುಂಬ ಹೂವಿನ ರಾಶಿ ಬೇರೆ. ಆ ಫುಟ್‌ಪಾತ್ ಅಂಗಡಿಗಳನ್ನು 2016ರಲ್ಲೇ ಅಲ್ಲಿನ ನಗರಾಡಳಿತ ಎಬ್ಬಿಸಿತ್ತು. ಬೆಂಗಳೂರಿನಲ್ಲಿ ಕೂತು ಲಿಸ್ಟ್ ಮಾಡಿದರೆ ಇನ್ನೇನಾಗುತ್ತೆ?

ನಾನು ಮಹಾ ಜಾಣ. ಒಂಬತ್ತು ಗಂಟೆಯನ್ನು ಪಕ್ಕಕ್ಕಿಟ್ಟು ಐದಕ್ಕೇ ಹೊರಟೆ. ರಾತ್ರಿಯೇ ಎರಡೂ ಕ್ಯಾಮೆರಾ ಬಾಡಿ, ಲೆನ್ಸು, ಬ್ಯಾಟರಿ ಎಲ್ಲವನ್ನೂ ಟೇಬಲ್ ಮೇಲೆ ಸಾಲಾಗಿ ಜೋಡಿಸಿದ್ದೆ. ಎಸಿ 18ರಲ್ಲಿತ್ತು. ಹೋಟೆಲಿನಿಂದ ಮಾರ್ಕೆಟ್ಟಿಗೆ ಐದೇ ನಿಮಿಷದ ನಡಿಗೆ.

ಚಕ್ ಫೆಟ್ ರಸ್ತೆಗೆ ಬಂದರೆ ನಮ್ಮ ಕೆ.ಆರ್. ಮಾರ್ಕೆಟ್ಟಿಗೇ ಬಂದ ಹಾಗಾಯಿತು. ಚೀಲಗಟ್ಟಲೆ ಚೆಂಡು ಹೂ, ಮೊಗ್ಗಿನ ಮಲ್ಲಿಗೆ, ಕಟ್ಟು ಕಟ್ಟು ತಾವರೆ. ಹಾರದಲ್ಲಿ ಪೋಣಿಸಿದ್ದು ಎಕ್ಕದ ಹೂ! ನಾವು ಆಂಜನೇಯನಿಗೆ ಹಾಕುವ ಅದೇ ಎಕ್ಕ. ಥಾಯ್ ಭಾಷೆಯಲ್ಲಿ ಅದಕ್ಕೆ 'ದೋಕ್ ರಕ್' ಅಂತಾರೆ. ರಕ್ ಅಂದರೆ ಪ್ರೀತಿ.

ಕ್ಯಾಮೆರಾ ಎತ್ತಿದೆ. ಬರೀ ಹಾಲು.

ಒರೆಸಿದೆ. ಹತ್ತು ಸೆಕೆಂಡಿಗೆ ಮತ್ತೆ ಹಾಲು. ಅಷ್ಟರಲ್ಲಿ ಆಕಾಶ ನೀಲಿಗೆ ತಿರುಗಿತ್ತು. ಆ ಕಡೆ ಬ್ಲೂ ಅವರ್, ಅಂದರೆ ಸೂರ್ಯ ಹುಟ್ಟುವ ಮುಂಚಿನ ಈ ನೀಲಿ ಬೆಳಕು, ಸಿಕ್ಕರೆ ಇಪ್ಪತ್ತು ನಿಮಿಷ, ಅಷ್ಟೇ. ಫೋನಿನಲ್ಲಿ ಹೊಡೆದರೆ ಫೋಟೋದ ಗುಣಮಟ್ಟ ನೋಡುವ ಆಫೀಸಿನ ಕ್ಯೂಸಿ ಅರೆಗಳಿಗೆಯಲ್ಲಿ ವಾಪಸ್ ಕಳಿಸುತ್ತೆ. ಗಾಬರಿಯಲ್ಲಿ ಲೆನ್ಸ್ ಬಿಚ್ಚಿ 35 ಎಂಎಂ ಲೆನ್ಸ್ ಹಾಕಿದೆ. ಹದಿನೈದು ವರ್ಷದ ಅನುಭವ ಇರುವವನು ಮಾಡುವ ಕೆಲಸವಾ ಅದು? ಆ ಸೆಖೆಗಾಳಿ ನೇರ ಸೆನ್ಸರಿಗೇ ನುಗ್ಗಿತು. ಈಗ ಒಳಗೂ ಹಾಲು, ಹೊರಗೂ ಹಾಲು.

ತಣ್ಣಗಿನ ಗಾಜಿಗೆ ಬಿಸಿ ತೇವದ ಗಾಳಿ ತಗುಲಿದರೆ ನೀರು ಕಟ್ಟುತ್ತೆ. ಒರೆಸಿ ಉಪಯೋಗವಿಲ್ಲ, ಗಾಜು ಬಿಸಿಯಾಗಬೇಕು. ಇದನ್ನು ನಾನೇ ಎಷ್ಟು ಜೂನಿಯರ್‌ಗಳಿಗೆ ಹೇಳಿಕೊಟ್ಟಿಲ್ಲ! ಸರಿ, ಕಾಯೋಣ ಅಂತ ಎರಡೂ ಬಾಡಿಯನ್ನು ಬ್ಯಾಗಿಗೆ ತುರುಕಿ, ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ್ದ ದೊಡ್ಡ ಬೇಸಿನ್ ಮೇಲಿಟ್ಟೆ. ಕಾದೆ. ಎದುರಿಗೆ ಒಬ್ಬ ಹುಡುಗ ತಲೆ ಮಟ್ಟ ಆರ್ಕಿಡ್ ಹೊತ್ತು ತಳ್ಳುಗಾಡಿಗಳ ಮಧ್ಯೆ ಓಡಿದ. ಅವನ ಹಿಂದೆ ಟ್ಯೂಬ್‌ಲೈಟು, ಅದರ ಹಿಂದೆ ಅಚ್ಚ ನೀಲಿ ಆಕಾಶ. ಸುಮ್ನೆ ನೋಡುತ್ತಾ ನಿಂತೆ. ಹತ್ತು ನಿಮಿಷ ಬಿಟ್ಟು ತೆಗೆದರೆ ಹಾಲು ಹಾಗೇ ಇದೆ.

ಹಾರ ಕಟ್ಟುತ್ತಿದ್ದ ಆ ಹೆಂಗಸು ನಕ್ಕಿದ್ದು ಆಗ. ಎದ್ದು ಬಂದು ಪ್ಲಾಸ್ಟಿಕ್ ಹಾಳೆ ಎತ್ತಿ ತೋರಿಸಿದಳು. ಕೆಳಗೆ ಮಲ್ಲಿಗೆ ಮೊಗ್ಗು, ಮೊಗ್ಗಿನ ಮೇಲೆ ಪುಡಿ ಐಸು! ಬ್ಯಾಗನ್ನು ಅವಳೇ ಎತ್ತಿ ತನ್ನ ಸ್ಟೂಲಿನ ಮೇಲಿಟ್ಟಳು. ನಾನು ಕೈ ಮುಗಿದೆ. ಅವಳು ಇನ್ನೂ ಜಾಸ್ತಿ ನಕ್ಕು, ಪಕ್ಕದಂಗಡಿಯವಳನ್ನೂ ಕರೆದು ತೋರಿಸಿದಳು.

ಗಾಜು ತಿಳಿಯಾಗುವ ಹೊತ್ತಿಗೆ ಬಿಸಿಲು ಬಿದ್ದಿತ್ತು. ಅವಳ ಕೈಬೆರಳು, ಸೂಜಿ, ಎಕ್ಕದ ಹೂವಿನ ಕ್ಲೋಸಪ್ ಬೇಕಾದಷ್ಟು ಸಿಕ್ಕಿತು. ನೀಲಿ ಮಾತ್ರ ಒಂದೂ ಇಲ್ಲ. ಮಾರನೇ ದಿನ ಕ್ಯಾಮೆರಾ ಮಲಗಿದ್ದು ಎಸಿ ಇಲ್ಲದ ಬಾತ್‌ರೂಮಿನಲ್ಲಿ, ಜಿಪ್ ಹಾಕಿದ ಬ್ಯಾಗಿನೊಳಗೆ. ಆದರೆ ಅವತ್ತು ಲಿಸ್ಟಿನಲ್ಲಿದ್ದದ್ದು ರೂಫ್‌ಟಾಪ್ ರೆಸ್ಟೋರೆಂಟು.

ವಾಪಸ್ ಬಂದು ಫೋಟೋ ಅಪ್‌ಲೋಡ್ ಮಾಡಿದ ಸಂಜೆಯೇ ಆಫೀಸಿನಿಂದ ಮೇಲ್ ಬಂತು. ನೀಲಿ ಆಕಾಶದ ಮಾತೇ ಇಲ್ಲ. 'ಸೆಟ್ ಚೆನ್ನಾಗಿದೆ. ದೋಣಿ ಎಲ್ಲಿ?'